ಹೊಂಡ ತೋಡಿದವನೇ ಮೊದಲು ಹಾರಬೇಕು

ಜೋರು ಮಳೆ ಅಂತ ಕಲೆಕ್ಟರ್ ಶಾಲೆಗೆ ರಜೆ ಕೊಟ್ಟಿದ್ದರು. ಕಾಸರಗೋಡಿನ ಬದಿಯಡ್ಕದ ಅಕ್ಕನ ಮನೆಯಲ್ಲಿ ಒಂಬತ್ತನೇ ಕ್ಲಾಸಿನ ಅಳಿಯ ಲ್ಯಾಪ್‌ಟಾಪ್ ತಂದು ನನ್ನ ಮುಂದಿಟ್ಟ. "ಮಾವ, ಇದು ನಾನೇ ಮಾಡಿದ ಲೆವೆಲ್. ಆಡಿ ನೋಡಿ."

ಆಟದ ಹೆಸರು ಸೂಪರ್‌ಟಕ್ಸ್. ಮಾರಿಯೋ ಥರದ್ದೇ, ಪೆಂಗ್ವಿನ್ ಓಡಿಸುವ ಉಚಿತ ಆಟ. ಲೆವೆಲ್ ಕಟ್ಟುವ ಎಡಿಟರ್ ಅದರೊಳಗೇ ಇದೆ. ಮೂರನೇ ಹೊಂಡದಲ್ಲಿ ನಾನು ಒಂಬತ್ತು ಸಲ ಬಿದ್ದೆ. ಆಚೆ ದಡ ಪರದೆಯಲ್ಲಿ ಕಾಣುವುದೇ ಇಲ್ಲ. "ಸುಮ್ನೆ ಹಾರಿ, ಆಚೆ ಕಲ್ಲಿದೆ" ಅಂದ. ಕಲ್ಲಿದೆ ಅಂತ ಅವನಿಗೆ ಗೊತ್ತು, ಇಟ್ಟವನೇ ಅವನಲ್ವಾ? ನನಗೆ ಹೇಗೆ ಗೊತ್ತಾಗಬೇಕು?

ಆಟಗಾರರೇ ಲೆವೆಲ್ ಕಟ್ಟಲು ಶುರು ಮಾಡಿ ನಲವತ್ತು ವರ್ಷ ದಾಟಿದೆ. ಈ ಹೊಂಡ ಇನ್ನೂ ಮುಚ್ಚಿಲ್ಲ.

1983ರ ಲೋಡ್ ರನ್ನರ್ ಆಟ 150 ಲೆವೆಲ್‌ಗಳ ಜೊತೆಗೆ ಎಡಿಟರನ್ನೂ ಕೊಟ್ಟಿತು. ಮರುವರ್ಷ ಜಪಾನಿನಲ್ಲಿ ನಿಂಟೆಂಡೋದ ಎಕ್ಸೈಟ್‌ಬೈಕ್ ಬಂತು. ಅದರಲ್ಲಿ ಬೈಕಿನ ಟ್ರ್ಯಾಕನ್ನು ನಾವೇ ಕಟ್ಟಬಹುದಿತ್ತು. ಆದರೆ ಉಳಿಸಿಕೊಳ್ಳಲು ಒಂದು ಕ್ಯಾಸೆಟ್ ರೆಕಾರ್ಡರ್ ಬೇಕು, ಅದು ಜಪಾನಿನ ಆಚೆ ಮಾರಾಟಕ್ಕೇ ಬರಲಿಲ್ಲ. ಅಮೆರಿಕದ ಮಕ್ಕಳು ಕಷ್ಟಪಟ್ಟು ಕಟ್ಟಿದ ಟ್ರ್ಯಾಕ್ ಸ್ವಿಚ್ ಆಫ್ ಮಾಡಿದ ಕೂಡಲೇ ಮಾಯ. ಓದಿದಾಗ ನನಗೆ ನಿಜಕ್ಕೂ ಬೇಜಾರಾಯಿತು.

ದೊಡ್ಡ ಬದಲಾವಣೆ ತಂದದ್ದು 1993ರ ಕೊನೆಗೆ ಬಂದ ಡೂಮ್ ಅನ್ನುವ ಗುಂಡು ಹಾರಿಸುವ ಆಟ. ಆಟ ನಡೆಸುವ ಪ್ರೋಗ್ರಾಂ ಬೇರೆ, ನಕ್ಷೆ, ಚಿತ್ರ, ಸದ್ದು ಇರುವ ವಾಡ್ ಫೈಲ್ ಬೇರೆ. ಹಾಗಾಗಿ ಪ್ರೋಗ್ರಾಂ ಮುಟ್ಟದೆಯೇ ನಕ್ಷೆ ಬದಲಿಸಬಹುದಿತ್ತು. ಕೆಲವೇ ತಿಂಗಳಲ್ಲಿ ಅಭಿಮಾನಿಗಳು ತಾವೇ ಎಡಿಟರ್ ಬರೆದುಕೊಂಡರು. 1996ರ ಫೈನಲ್ ಡೂಮ್ ಹೊತ್ತಿಗೆ ಅಭಿಮಾನಿಗಳ ತಂಡ ಕಟ್ಟಿದ ಲೆವೆಲ್‌ಗಳನ್ನು ಡೂಮ್ ಮಾಡಿದ ಕಂಪನಿಯೇ ಅಂಗಡಿಗೆ ತಂದಿತು. ಒಂದು ಕಾಲದಲ್ಲಿ ಸೈಬರ್ ಕೆಫೆಯಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಆಡುತ್ತಿದ್ದೆವಲ್ಲ, ಆ ಕೌಂಟರ್-ಸ್ಟ್ರೈಕ್ ಕೂಡ 1999ರಲ್ಲಿ ಹಾಫ್-ಲೈಫ್ ಆಟವನ್ನು ಆಟಗಾರರು ತಿದ್ದಿ ಮಾಡಿದ್ದು.

ಆಮೇಲೆ ಎಲ್ಲ ಸುಲಭವಾಯಿತು, ಲೆವೆಲ್‌ಗಳ ರಾಶಿಯೂ ಬಿತ್ತು. ಮಾರಿಯೋ ಲೆವೆಲ್ ಕಟ್ಟಲೆಂದೇ ಬಂದ 2015ರ ಸೂಪರ್ ಮಾರಿಯೋ ಮೇಕರ್‌ಗೆ ಒಂದು ವರ್ಷದೊಳಗೆ 70 ಲಕ್ಷಕ್ಕೂ ಜಾಸ್ತಿ ಲೆವೆಲ್ ಬಂದು ಬಿದ್ದವು. ನಿಂಟೆಂಡೋ ಒಂದು ಒಳ್ಳೆಯ ನಿಯಮ ಇಟ್ಟಿತ್ತು. ಕಟ್ಟಿದವನು ತನ್ನ ಲೆವೆಲನ್ನು ತಾನೇ ಮೊದಲು ಆಡಿ ಮುಗಿಸಬೇಕು, ಆಮೇಲೆಯೇ ಹಂಚಬಹುದು. ಮುಗಿಸಲು ಆಗದ ಲೆವೆಲ್ ಹೊರಗೆ ಬರಬಾರದು ಅಂತ. ಆದರೂ ಯಾರೂ ಗೆಲ್ಲದ ಲೆವೆಲ್‌ಗಳು ಸಾವಿರಗಟ್ಟಲೆ ಉಳಿದವು. ಅವನ್ನೆಲ್ಲ ಗೆಲ್ಲಲು ಮೊದಲೇ ಕೂತಿದ್ದ ಒಂದಷ್ಟು ಆಟಗಾರರು, 2024ರ ಏಪ್ರಿಲ್ 8ಕ್ಕೆ ಸರ್ವರ್ ಮುಚ್ಚುತ್ತದೆ ಅಂದಾಗ ಇನ್ನಷ್ಟು ಹಠ ಹಿಡಿದರು. ಕೊನೆಗೆ ಉಳಿದ ಒಂದನ್ನು ತಾನು ಕೈಯಲ್ಲಿ ಆಡಿ ಮುಗಿಸಿರಲೇ ಇಲ್ಲ, ಯಂತ್ರದ ಸಹಾಯ ಪಡೆದಿದ್ದೆ ಅಂತ ಕಟ್ಟಿದವನೇ ಒಪ್ಪಿಕೊಂಡ.

ನಿಯಮ ಎಷ್ಟೇ ಒಳ್ಳೆಯದಿರಲಿ, ಕಟ್ಟಿದವನು ಎದುರಿನವನ ಜಾಗದಲ್ಲಿ ಕೂತು ನೋಡದಿದ್ದರೆ ಅದು ಏನೂ ಮಾಡಲಾರದು. ಇದು ನಮಗೆ ಹೊಸದಲ್ಲ. ವೇಷ, ಕುಣಿತ ಇಲ್ಲದೆ ಕೂತೇ ಮಾತಾಡುವ ಯಕ್ಷಗಾನ ತಾಳಮದ್ದಳೆ. ಅದರಲ್ಲಿ ಪದ್ಯ ಕವಿಯದು, ಒಂದಕ್ಷರ ಬದಲಿಸುವಂತಿಲ್ಲ. ಮಾತು ಮಾತ್ರ ಪಾತ್ರವಾಗಿ ಮಾತಾಡುವ ಅರ್ಥಧಾರಿಯದು. ಇದ್ದ ಅಷ್ಟೇ ಪದ್ಯದೊಳಗೆ ರಾತ್ರಿಯಿಡೀ ಹೊಸ ಮಾತು ಹುಟ್ಟುತ್ತದೆ. ಎಡಿಟರ್ ಕೊಡುವ ನಾಲ್ಕು ಬಗೆಯ ಕಲ್ಲು, ಎರಡು ಬಗೆಯ ಮುಳ್ಳಿನಲ್ಲೂ ಇರುವುದು ಅದೇ ಸೆಳೆತ. ಆದರೆ ಒಳ್ಳೆಯ ಅರ್ಥಧಾರಿ ಎದುರು ಕೂತವನಿಗೆ ಉತ್ತರಕ್ಕೆ ಒಂದು ಎಳೆ ಬಿಟ್ಟೇ ಮಾತು ನಿಲ್ಲಿಸುತ್ತಾನೆ. ಎದುರಾಳಿಯ ಬಾಯಿ ಕಟ್ಟಿದರೆ ಪ್ರಸಂಗ ಅಲ್ಲಿಗೇ ಸತ್ತಿತು.

ಅಳಿಯನಿಗೆ ಇಷ್ಟೆಲ್ಲ ಹೇಳಲಿಲ್ಲ. ಪಕ್ಕದಲ್ಲಿ ಕೂತು ನಾನು ಬೀಳುವುದನ್ನು ನೋಡಿದ್ದೇ ಅವನಿಗೆ ಸಾಕಾಗಿತ್ತು. ಹತ್ತನೇ ಸಲ ಬೀಳುವ ಮೊದಲೇ ಲ್ಯಾಪ್‌ಟಾಪ್ ಕಿತ್ತುಕೊಂಡ. ಎಡಿಟರ್ ತೆರೆದು ಹೊಂಡದ ಮೇಲೆ ಕಮಾನಿನ ಹಾಗೆ ನಾಲ್ಕು ನಾಣ್ಯ ತೂಗುಬಿಟ್ಟ. ಹಾರಬೇಕಾದ ದಾರಿ ಅದೇ.

ಈ ಸಲ ದಾಟಿದೆ. ಅವನು ಆ ಪುಟ್ಟ ಫೈಲನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಜ್ಯಾಮಿಟ್ರಿ ಬಾಕ್ಸಿನಲ್ಲಿಟ್ಟ. ನಾಳೆ ಶಾಲೆ ಇದ್ದರೆ ಗೆಳೆಯನಿಗೆ ಕೊಡುತ್ತಾನಂತೆ. ಕೊಟ್ಟು, ಅವನು ಆಡುವಾಗ ಪಕ್ಕದಲ್ಲೇ ಕೂರುತ್ತಾನಂತೆ.