ರಕ್ತ ಪರೀಕ್ಷೆ ಮಾಡಿಸಿದ್ರೆ ಪ್ಯಾಪ್ ಟೆಸ್ಟ್ ಬೇಡ ಅಲ್ವಾ?

ಪ್ರಶ್ನೆ: ಮೈಕ್ರೋ ಆರ್‌ಎನ್‌ಎ ಅಂತ ಹೊಸ ಬ್ಲಡ್ ಟೆಸ್ಟ್ ಬಂದಿದೆಯಂತೆ. ಅದೊಂದು ಮಾಡಿಸಿದರೆ ಗರ್ಭಕೋಶ, ಗರ್ಭಕಂಠ, ಅಂಡಾಶಯ ಮೂರರ ಕ್ಯಾನ್ಸರೂ ಗೊತ್ತಾಗುತ್ತಂತೆ. ಹಾಗಾದರೆ ಪ್ಯಾಪ್ ಟೆಸ್ಟ್ ಬೇಡ ಅಲ್ವಾ? (ಗೋಣಿಕೊಪ್ಪದ ಓದುಗರು)

ಬೇಕು. ಪ್ಯಾಪ್ ಟೆಸ್ಟ್ ಅಂದರೆ ಗರ್ಭಕಂಠದಿಂದ ಜೀವಕೋಶಗಳನ್ನು ಸವರಿ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು. ವಿರಾಜಪೇಟೆಯವರು ಕೇಳಿದಾಗಲೂ ಬೇಕು ಅಂದಿದ್ದೆ, ಸೋಮವಾರಪೇಟೆಯವರು ಕೇಳಿದಾಗಲೂ ಬೇಕು ಅಂದಿದ್ದೆ. ಈ ಸಲ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ. ದಯವಿಟ್ಟು ಸೇವ್ ಮಾಡಿಟ್ಟುಕೊಂಡು ನಿಮ್ಮ ವಾಟ್ಸಾಪ್ ಗ್ರೂಪಿಗೂ ಹಾಕಿ.

ಡಿಎನ್‌ಎಯಲ್ಲಿರುವ ಅಪ್ಪಣೆಯನ್ನು ಮೆಸೆಂಜರ್ ಆರ್‌ಎನ್‌ಎ ಹೊತ್ತು ತರುತ್ತದೆ. ಅದನ್ನು ಓದಿಕೊಂಡು ಜೀವಕೋಶ ಪ್ರೋಟೀನ್ ತಯಾರಿಸುತ್ತದೆ. ಸಾಹುಕಾರರು ತೋಟಕ್ಕೆ ಕಳಿಸಿದ ಚೀಟಿಯನ್ನು ಮೇಸ್ತ್ರಿ ದಾರಿಯಲ್ಲೇ ಹಿಡಿದು ಹರಿದರೆ ಹೇಗೆ? ಮೈಕ್ರೋ ಆರ್‌ಎನ್‌ಎ ಮಾಡುವ ಕೆಲಸ ಅದೇ. ಉದ್ದ ಸುಮಾರು 22 ಅಕ್ಷರ, ಅಷ್ಟೇ. 1993ರಲ್ಲಿ ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ ಇದು ಸಿಕ್ಕಿತು. ಅದಕ್ಕೆ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕುನ್ ಅವರಿಗೆ 2024ರಲ್ಲಿ ನೊಬೆಲ್ ಬಂತು.

ಕ್ಯಾನ್ಸರ್‌ನಲ್ಲಿ ಈ ಲೆಕ್ಕ ತಪ್ಪುತ್ತದೆ, ಅದು ನಿಜ. ಅಂಡಾಶಯದ ಗಡ್ಡೆಗಳಲ್ಲಿ ಲೆಟ್-7 ಎಂಬ ಮೈಕ್ರೋ ಆರ್‌ಎನ್‌ಎ ಎಷ್ಟೋ ಸಲ ಕಡಿಮೆಯಾಗಿರುತ್ತದೆ. ಬೆಳೆಯುವಂತೆ ಒತ್ತಾಯಿಸುವ ರಾಸ್ ಜೀನನ್ನು ಹಿಡಿದಿಡುವುದು ಅದೇ. ಮಿರ್-21 ಎಂಬ ಇನ್ನೊಂದು ಮೈಕ್ರೋ ಆರ್‌ಎನ್‌ಎ ಜಾಸ್ತಿಯಾದರೆ ಬೆಳವಣಿಗೆಗೆ ಕಡಿವಾಣ ಹಾಕುವ ಪಿಟೆನ್ ಜೀನ್ ಅಡಗುತ್ತದೆ. ಗರ್ಭಕಂಠದಲ್ಲಿ, ಅಲ್ಲಿನ ಕ್ಯಾನ್ಸರಿಗೆ ಕಾರಣವಾಗುವ ಎಚ್‌ಪಿವಿ ವೈರಸ್ಸಿನ ಇ6 ಪ್ರೋಟೀನು, ಕೆಟ್ಟ ಜೀವಕೋಶ ಬೆಳೆಯದಂತೆ ತಡೆಯುವ ನಮ್ಮ ಪಿ53 ಪ್ರೋಟೀನನ್ನು ನಾಶ ಮಾಡುತ್ತದೆ. ಪಿ53 ಹೋದರೆ ಅದರ ಆಸರೆಯಲ್ಲಿದ್ದ ಮಿರ್-34ಎ ಕೂಡ ಇಳಿಯುತ್ತದೆ. ಇಲ್ಲಿಯವರೆಗೆ ವಿಜ್ಞಾನ ಗಟ್ಟಿಯಾಗಿಯೇ ಇದೆ.

ಇನ್ನು ಆ ಹಟಮಾರಿ ನಂಬಿಕೆಗೆ ಬರೋಣ. 'ರಕ್ತದಲ್ಲಿ ಎಲ್ಲಾ ಗೊತ್ತಾಗುತ್ತೆ.'

ಗೊತ್ತಾಗಲ್ಲ. ಗರ್ಭಕಂಠದ ವಿಷಯದಲ್ಲಿ ನಾವು ಹುಡುಕುವುದು ಕ್ಯಾನ್ಸರನ್ನಲ್ಲ, ಅದಕ್ಕೂ ಮುಂಚಿನ ಬದಲಾವಣೆಯನ್ನು. ಎಚ್‌ಪಿವಿ ತಗುಲಿ ಅದು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15ರಿಂದ 20 ವರ್ಷ ಬೇಕು. ಅಷ್ಟು ಕಾಲ ಬದಲಾದ ಜೀವಕೋಶಗಳು ಮೇಲ್ಪದರದಲ್ಲೇ ಕೂತಿರುತ್ತವೆ. ಅವನ್ನು ನೋಡಲು ಆ ಜಾಗಕ್ಕೇ ಹೋಗಬೇಕು. ಪ್ಯಾಪ್ ಟೆಸ್ಟ್ ಒಂದು ದಾರಿ. ಇನ್ನೊಂದು ದಾರಿಯೂ ಇದೆ: ತೆಳು ಆಸಿಟಿಕ್ ಆಸಿಡ್ (ವಿನೆಗರಿನಲ್ಲಿರುವ ಹುಳಿ) ಹಚ್ಚಿ ಒಂದು ನಿಮಿಷ ಕಾದರೆ ಕೆಟ್ಟ ಜಾಗ ಬೆಳ್ಳಗಾಗಿ ಕಾಣುತ್ತದೆ. ನರ್ಸ್ ಬರಿಗಣ್ಣಲ್ಲೇ ನೋಡುತ್ತಾರೆ. ಇಷ್ಟು ಸುಲಭದ್ದನ್ನು ಬಿಟ್ಟು ತೋಳಿನ ರಕ್ತದಲ್ಲಿ ಯಾಕೆ ಹುಡುಕಬೇಕು ಹೇಳಿ?

ಎರಡನೆಯದು, ಮಿರ್-21 ಜಾಸ್ತಿಯಾದ ಕೂಡಲೇ ಕ್ಯಾನ್ಸರ್ ಅಂತಲ್ಲ. ಉರಿಯೂತವಿದ್ದರೂ ಏರುತ್ತದೆ, ಹೃದಯದ ತೊಂದರೆಯಲ್ಲೂ ಏರುತ್ತದೆ. ಏರಿದರೂ ಯಾವ ಅಂಗದ್ದು ಅಂತ ಅದು ಹೇಳುವುದಿಲ್ಲ.

ಮೂರನೆಯದು ಲ್ಯಾಬಿನವರಿಗೆ ಮಾತ್ರ ಗೊತ್ತಿರುವ ತಲೆನೋವು. ಮಡಿಕೇರಿಯಲ್ಲಿ ತೆಗೆದ ರಕ್ತ ಘಾಟಿ ಇಳಿದು ಮೈಸೂರು ಸೇರುತ್ತದೆ ಅಂತಿಟ್ಟುಕೊಳ್ಳಿ. ಟ್ಯೂಬನ್ನು ಯಂತ್ರದಲ್ಲಿ ತಿರುಗಿಸಿದಾಗ ಮೇಲೆ ನಿಲ್ಲುವ ಸೀರಂ ತಿಳಿಹಳದಿ ಇರಬೇಕು. ಸಿರಿಂಜನ್ನು ಜೋರಾಗಿ ಎಳೆದಿದ್ದರೆ, ಟ್ಯೂಬ್ ಕುಲುಕಿದ್ದರೆ, ಬಹಳ ಹೊತ್ತು ಹಾಗೇ ಇಟ್ಟಿದ್ದರೆ ಅದು ನಸುಗೆಂಪಾಗುತ್ತದೆ. ಕೆಂಪು ರಕ್ತಕಣ ಒಡೆದಿದೆ ಅಂತ ಅರ್ಥ. ಆ ಕಣಗಳ ತುಂಬ ಮಿರ್-451, ಮಿರ್-16 ಇರುತ್ತವೆ. ಅವೆಲ್ಲ ಸೀರಂಗೆ ಸುರಿಯುತ್ತವೆ. ತಮಾಷೆ ಏನು ಗೊತ್ತಾ? ಉಳಿದವನ್ನು ಅಳೆಯಲು ಎಷ್ಟೋ ಲ್ಯಾಬುಗಳು ಅಳತೆಗೋಲು ಮಾಡಿಕೊಂಡಿದ್ದು ಇದೇ ಮಿರ್-16ನ್ನು! ಕ್ಯಾನ್ಸರಿನ ಸುಳಿವು ಕೊಡುವ ಮೈಕ್ರೋ ಆರ್‌ಎನ್‌ಎಗಳು ಇವು ಅಂತ ಒಬ್ಬರು ಕೊಡುವ ಪಟ್ಟಿ ಇನ್ನೊಬ್ಬರ ಪಟ್ಟಿಗೆ ಹೊಂದದಿರಲು ಇದೂ ಒಂದು ಕಾರಣ.

ಅಂಡಾಶಯಕ್ಕೆ ಸಿಎ-125 (ರಕ್ತದಲ್ಲಿ ಅಳೆಯುವ ಒಂದು ಪ್ರೋಟೀನು) ಇದೆಯಲ್ಲ ಅಂತ ಯಾರಾದರೂ ಅಂದೇ ಅನ್ನುತ್ತಾರೆ. ಬ್ರಿಟನ್ನಿನಲ್ಲಿ 2 ಲಕ್ಷಕ್ಕೂ ಜಾಸ್ತಿ ಹೆಂಗಸರ ಮೇಲೆ ಅದನ್ನೂ ಸ್ಕ್ಯಾನನ್ನೂ ಪರೀಕ್ಷಿಸಿ ನೋಡಿದರು. 2021ರಲ್ಲಿ ಬಂದ ಫಲಿತಾಂಶ: ಸಾವು ಕಡಿಮೆಯಾಗಲಿಲ್ಲ. ಮುಟ್ಟಿನ ದಿನಗಳಲ್ಲೂ, ಫೈಬ್ರಾಯ್ಡ್ (ಗರ್ಭಕೋಶದ ಕ್ಯಾನ್ಸರಲ್ಲದ ಗಡ್ಡೆ) ಇದ್ದರೂ ಸಿಎ-125 ಏರಬಹುದು.

ನಾಚಿಕೆ ಇರುತ್ತದೆ, ಒಪ್ಪುತ್ತೇನೆ. ಕಾಫಿ ಕೊಯ್ಲಿನ ಸಮಯದಲ್ಲಿ ಒಂದು ದಿನದ ಕೂಲಿ ಬಿಟ್ಟು ಬಸ್ಸು ಹತ್ತುವುದು ಸುಲಭವೂ ಅಲ್ಲ. ಹಾಗಿದ್ದರೆ ಎಚ್‌ಪಿವಿ ಟೆಸ್ಟ್ ಬಗ್ಗೆ ಕೇಳಿ. ಅದರ ಸ್ಯಾಂಪಲ್ಲನ್ನು ನಾವೇ ತೆಗೆದುಕೊಡುವ ಪದ್ಧತಿಯೂ ಇದೆ. 30 ದಾಟಿದವರು 5ರಿಂದ 10 ವರ್ಷಕ್ಕೊಮ್ಮೆ ಮಾಡಿಸಿದರೆ ಸಾಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಂಡರೆ ಮಾತ್ರ ಯಾವ ಟೆಸ್ಟಿನ ಹೆಸರೂ ಹುಡುಕುತ್ತಾ ಕೂರಬೇಡಿ. ಆ ವಾರವೇ ಡಾಕ್ಟರ ಹತ್ತಿರ ಹೋಗಿ.

ಮೈಕ್ರೋ ಆರ್‌ಎನ್‌ಎಯನ್ನೇ ಔಷಧಿಯಾಗಿ ಕೊಡಬಾರದಾ? ಕೊಟ್ಟು ನೋಡಿದ್ದಾರೆ. ಮಿರ್-34ಎಯ ನಕಲನ್ನು ಬೇರೆ ಬೇರೆ ಕ್ಯಾನ್ಸರ್ ಇದ್ದ ರೋಗಿಗಳಿಗೆ ಕೊಟ್ಟರು. ರೋಗನಿರೋಧಕ ವ್ಯವಸ್ಥೆ ವಿಪರೀತ ಕೆರಳಿ 2016ರಲ್ಲಿ ಆ ಪ್ರಯೋಗ ನಿಲ್ಲಿಸಬೇಕಾಯಿತು.

ಯಾರೂ ಕೇಳದಿದ್ದರೂ ಇನ್ನೊಂದು ಹೇಳಿಬಿಡುತ್ತೇನೆ, ಬಲು ಮಜವಾಗಿದೆ. ನಾವು ತಿನ್ನುವ ಕಡಂಬುಟ್ಟು ಎಂಬ ಕಡುಬಿನ ಅಕ್ಕಿಯಲ್ಲೂ ಮೈಕ್ರೋ ಆರ್‌ಎನ್‌ಎ ಇದೆ. ಅಕ್ಕಿಯ ಮಿರ್-168ಎ ತಿಂದವರ ರಕ್ತ ಸೇರುತ್ತದೆ, ಇಲಿಗಳಲ್ಲಿ ಕೊಲೆಸ್ಟ್ರಾಲ್ ಲೆಕ್ಕವನ್ನೂ ಬದಲಿಸುತ್ತದೆ ಅಂತ ಚೀನಾದ ವಿಜ್ಞಾನಿಗಳು ದಶಕದ ಹಿಂದೆ ಪ್ರಕಟಿಸಿದರು. ದೊಡ್ಡ ಗದ್ದಲವಾಯಿತು. ಬೇರೆಯವರು ಮಾಡಿ ನೋಡಿದಾಗ ಅದು ಹಾಗೆ ಬರಲಿಲ್ಲ. ಗಿಡದ ಚೂರುಗಳು ರಕ್ತದಲ್ಲಿ ಸಿಕ್ಕರೂ ಲೆಕ್ಕಕ್ಕೇ ಬರದಷ್ಟು ಕಡಿಮೆ, ಕೆಲವು ಕಡೆ ಲ್ಯಾಬಿನಲ್ಲೇ ಬೆರೆತಿದ್ದಿರಬಹುದು. ಆದ್ದರಿಂದ ಗರ್ಭಕೋಶಕ್ಕೆ ಯಾವ ಅಕ್ಕಿ ಒಳ್ಳೆಯದು ಅಂತ ಮುಂದಿನ ವಾರ ಕೇಳಬೇಡಿ.