ಕೆರೆ ಕಟ್ಟಿದವನಿಗೆ ಬಿತ್ತುವಟ್ಟ, ಜಮೀನು ಬಿಟ್ಟುಕೊಟ್ಟವನಿಗೆ?

ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡವರಿಗೆ ಹತ್ತಿರದ ಅಗರ ಕೆರೆ ಗೊತ್ತಿರುತ್ತದೆ. ಅಗರದಲ್ಲಿ ಗಂಗರ ಕಾಲದ, 9ನೇ ಶತಮಾನದ ಒಂದು ಶಾಸನವಿದೆ. ಸಿರಿಮಯ್ಯನ ಮಗ ಇರುಗಮಯ್ಯ ಎರಡು ಕೆರೆಗಳಿಗೆ ತೂಬು ಇಡಿಸಿದ, ಮೂಡಣ ಕೆರೆಯನ್ನು ಕಟ್ಟಿಸಿದ, ಮೂರೂ ಕೆರೆಗಳ ಬಿತ್ತುವಟ್ಟ ಪಡೆದ ಎಂದು ಅದರಲ್ಲಿದೆ.

ಬಿತ್ತುವಟ್ಟ ಅಂದರೆ ಕೆರೆಯ ನೀರು ಕುಡಿದ ಗದ್ದೆಯ ಬೆಳೆಯಲ್ಲಿ ಒಂದು ಪಾಲು. ಕೆರೆ ಕಟ್ಟಿದವರಿಗೆ ಕಂದಾಯ ಬಿಟ್ಟು ಕೊಡುತ್ತಿದ್ದ ಭೂಮಿಗೆ ಕಟ್ಟುಕೊಡಗೆ ಎಂಬ ಹೆಸರಿತ್ತು. ಊರಿಗೆ ಬೇಕಾದದ್ದನ್ನು ಒಬ್ಬ ಮಾಡಿದರೆ ರಾಜ್ಯ ತನಗೆ ಬರುವ ವರಮಾನದಲ್ಲಿ ಸ್ವಲ್ಪ ಬಿಟ್ಟುಕೊಡುತ್ತಿತ್ತು. ತೆರಿಗೆ ರಿಯಾಯಿತಿ ಕೊಟ್ಟು ಪರಿಸರ ಉಳಿಸುವುದು ಹೊರಗಿನಿಂದ ಬಂದ ಐಡಿಯಾ ಅನ್ನುವವರಿಗೆ ಅಗರದ ಕಲ್ಲು ತೋರಿಸಬಹುದು.

ಮೈಸೂರು ರಾಜ್ಯ 1954 ಮತ್ತು 1955ರಲ್ಲಿ ಕಾನೂನು ತಂದು ಇನಾಂಗಳನ್ನು, ಅಂದರೆ ಹೀಗೆ ಕಂದಾಯ ಬಿಟ್ಟು ಕೊಟ್ಟಿದ್ದ ಜಮೀನುಗಳನ್ನು, ರದ್ದು ಮಾಡಿತು. ಕಂದಾಯ ಕಟ್ಟದೆ ಜಮೀನು ಹಿಡಿದು ಕೂತವರು ಜಾಸ್ತಿ ಇದ್ದ ಕಾಲ. ಹಾಗಾಗಿ ಅದರಲ್ಲಿ ತಪ್ಪು ಹುಡುಕುವುದು ಕಷ್ಟ. ಆದರೆ ಕೆಲಸಕ್ಕೆ ಬದಲಾಗಿ ಕಂದಾಯ ಬಿಡುವ ಹಳೇ ದಾರಿಯೂ ಅಲ್ಲಿಗೆ ಮುಚ್ಚಿತು. ಅದರ ಜಾಗಕ್ಕೆ ಬೇರೆ ಏನೂ ಬರಲಿಲ್ಲ.

ಈಗಿನ ಸ್ಥಿತಿ ನೋಡಿ. ಕನಕಪುರ ರಸ್ತೆಯ ಆಚೆ ನಿಮಗೆ ಎರಡು ಎಕರೆ ಇದೆ ಅಂದುಕೊಳ್ಳಿ. ಉಳುಮೆ ಬಿಟ್ಟು ವರ್ಷಗಳಾಗಿವೆ, ಹೊಂಗೆ, ಜಾಲಿ ಬೆಳೆದಿವೆ, ನವಿಲು ಬರುತ್ತಿವೆ. ಲೇಔಟ್‌ನವರಿಗೆ ಮಾರುವ ಬದಲು ಪರಿಸರದ ಕೆಲಸ ಮಾಡುವ ಒಂದು ಟ್ರಸ್ಟ್‌ಗೆ ಕೊಡೋಣ ಅನ್ನಿಸಿತು. 2020ಕ್ಕೆ ಮೊದಲು ಇದು ಸುಲಭವೇ ಇರಲಿಲ್ಲ. ಭೂಸುಧಾರಣೆ ಕಾಯ್ದೆಯ 79ಬಿ ಪ್ರಕಾರ ಟ್ರಸ್ಟ್, ಕಂಪನಿಗಳು ಕೃಷಿ ಜಮೀನು ಇಟ್ಟುಕೊಳ್ಳುವಂತಿರಲಿಲ್ಲ. 2020ರ ತಿದ್ದುಪಡಿ ಆ ಬಾಗಿಲು ತೆಗೆಯಿತು. ಟ್ರಸ್ಟ್‌ಗೆ ತೆಗೆದದ್ದು ಅನ್ನುವುದಕ್ಕಿಂತ ದುಡ್ಡಿರುವ ಎಲ್ಲರಿಗೂ ತೆಗೆದದ್ದು ಅನ್ನುವುದೇ ಸರಿ.

ಇನ್ನು ನೋಂದಣಿ. ಮನೆಯವರಿಗೆ ದಾನಪತ್ರ ಮಾಡಿದರೆ ಮುದ್ರಾಂಕ ಶುಲ್ಕ ಕೆಲವು ಸಾವಿರದಲ್ಲಿ ಮುಗಿಯುತ್ತದೆ. ಹೊರಗಿನವರಿಗೆ ಮಾಡಿದರೆ ಕ್ರಯಪತ್ರದ ಹಾಗೆಯೇ ಬೆಲೆಯ ಮೇಲೆ ಶೇ 5, ಅದರ ಮೇಲೆ ಸರ್‌ಚಾರ್ಜ್. ದಾನಕ್ಕೂ ಮಾರಾಟಕ್ಕೂ ಒಂದೇ ತಕ್ಕಡಿ!

ಹೋಗಲಿ, ಆದಾಯ ತೆರಿಗೆಯಲ್ಲಾದರೂ ಕಡಿತ ಸಿಗಬಹುದು ಅಲ್ವಾ? ದಾನಕ್ಕೆ ಕಡಿತ ಕೊಡುತ್ತಿದ್ದದ್ದು 1961ರ ಆದಾಯ ತೆರಿಗೆ ಕಾಯ್ದೆಯ 80ಜಿ ಕಲಂ; 2026ರ ಏಪ್ರಿಲ್‌ನಿಂದ ಆ ಕಾಯ್ದೆಯ ಜಾಗದಲ್ಲಿ 2025ರ ಹೊಸ ಕಾಯ್ದೆ ಇದೆ. 80ಜಿಗೆ ಸೇರಿಸಿದ ಒಂದು ವಿವರಣೆ ಸ್ಪಷ್ಟವಾಗಿತ್ತು, ಹೊಸ ಕಾಯ್ದೆಯಲ್ಲೂ ಅದೇ ನಿಯಮ. ದಾನ ಹಣದ ರೂಪದಲ್ಲೇ ಇರಬೇಕು, ವಸ್ತು ಲೆಕ್ಕಕ್ಕಿಲ್ಲ. ಅಂದರೆ ಎರಡು ಎಕರೆ ಮಾರಿ, ತೆರಿಗೆ ಕಟ್ಟಿ, ಉಳಿದ ದುಡ್ಡನ್ನು ಕೊಟ್ಟರೆ ಕಡಿತ ಉಂಟು. ನವಿಲಿನ ಸಮೇತ ಜಮೀನನ್ನೇ ಕೊಟ್ಟರೆ ಇಲ್ಲ. ದಾನವನ್ನು ಮಾರಾಟ ಅಂತ ಎಣಿಸಿ ಬಂಡವಾಳ ಲಾಭದ ತೆರಿಗೆ ಕೇಳುವುದಿಲ್ಲ, ಅಷ್ಟೇ ಸಮಾಧಾನ.

ಅಮೆರಿಕ ಬೇರೆ ದಾರಿ ಹಿಡಿಯಿತು. ಅಲ್ಲಿ ಜಮೀನು ಮಾಲೀಕನ ಹತ್ತಿರವೇ ಇರುತ್ತದೆ. ಅದರಲ್ಲಿ ಕಟ್ಟಡ ಕಟ್ಟುವ, ಲೇಔಟ್ ಮಾಡುವ ಹಕ್ಕನ್ನು ಮಾತ್ರ ಶಾಶ್ವತವಾಗಿ ಬಿಟ್ಟುಕೊಡುತ್ತಾನೆ. ಬಿಟ್ಟ ಹಕ್ಕಿಗೆ ಬೆಲೆ ಕಟ್ಟಿ ತೆರಿಗೆ ಕಡಿತ ಕೊಡುತ್ತಾರೆ. 1976ರಲ್ಲಿ ಕಾನೂನಿಗೆ ಬಂದದ್ದು 1980ರಲ್ಲಿ ಕಾಯಂ ಆಯಿತು. 2006ರಲ್ಲಿ ರಿಯಾಯಿತಿ ಇನ್ನಷ್ಟು ಹಿಗ್ಗಿತು. ಆಮೇಲೆ ಶುರುವಾಯಿತು ಆಟ. ಹೂಡಿಕೆದಾರರು ಗುಂಪು ಕಟ್ಟಿಕೊಂಡು ಜಮೀನು ಕೊಂಡರು, ಬೇಕಾದ ಹಾಗೆ ಬೆಲೆ ಏರಿಸಿದರು, ಹಾಕಿದ ದುಡ್ಡಿಗಿಂತ ಎಷ್ಟೋ ಪಟ್ಟು ಕಡಿತ ಕೇಳಿದರು. 2016ರ ಕೊನೆಗೆ ತೆರಿಗೆ ಇಲಾಖೆ ಇಂಥ ವ್ಯವಹಾರಗಳ ಮೇಲೆ ಕಣ್ಣಿಟ್ಟಿತು. 2022ರ ಕೊನೆಯಲ್ಲಿ ಹೊಸ ಕಾನೂನು ಬಂತು: ಈ ಗುಂಪುಗಳಿಗೆ ಹಾಕಿದ ದುಡ್ಡಿನ ಎರಡೂವರೆ ಪಟ್ಟು ಮೀರಿದರೆ ಕಡಿತವೇ ಇಲ್ಲ.

ಅದನ್ನೇ ಇಲ್ಲಿಗೆ ತಂದರೆ ಆನೇಕಲ್ ರೈತನಿಗೆ ಏನು ಸಿಗುತ್ತದೆ? ಏನೂ ಇಲ್ಲ ಅನ್ನುವುದು ನನ್ನ ಲೆಕ್ಕ. ಕೃಷಿ ಆದಾಯಕ್ಕೆ ಆದಾಯ ತೆರಿಗೆಯೇ ಇಲ್ಲ. ಕಟ್ಟದ ತೆರಿಗೆಯಲ್ಲಿ ಯಾವ ಕಡಿತ? ಲಾಭ ಹೋಗುವುದು ಫಾರ್ಮ್‌ಹೌಸ್ ಇಟ್ಟುಕೊಂಡ ಸಂಬಳದಾರರಿಗೆ, ಉದ್ಯಮಿಗಳಿಗೆ.

ಬೆಂಗಳೂರಿನಲ್ಲಿ ಚಲಾವಣೆ ಇರುವ ನಾಣ್ಯ ಬೇರೆ: ಕಟ್ಟಡದ ಹಕ್ಕು. 2005ರಲ್ಲಿ ಜಾರಿಗೆ ಬಂದ ಟಿಡಿಆರ್ (ವರ್ಗಾಯಿಸಬಹುದಾದ ಅಭಿವೃದ್ಧಿ ಹಕ್ಕು) ಪ್ರಕಾರ, ಜಾಗವನ್ನು ಪುಕ್ಕಟೆ ಬಿಟ್ಟುಕೊಟ್ಟವರಿಗೆ ಅದರ ಒಂದೂವರೆ ಪಟ್ಟು ಕಟ್ಟಡ ವಿಸ್ತೀರ್ಣದ ಹಕ್ಕು ಸಿಗುತ್ತಿತ್ತು. ಉಳಿದ ಜಾಗದಲ್ಲಿ ಬಳಸಬಹುದು, ಇಲ್ಲವೇ ಮಾರಬಹುದು. ಕಾನೂನಿನಲ್ಲಿ ಪಾರ್ಕು, ಬಯಲು ಜಾಗದ ಹೆಸರೂ ಇತ್ತು. ಬಳಕೆಯಾದದ್ದು ಮಾತ್ರ ಹೆಚ್ಚಾಗಿ ರಸ್ತೆ ಅಗಲ ಮಾಡಲು. ಇಲ್ಲೂ ಅಕ್ರಮದ ದೂರು ಬಂತು, ತನಿಖೆ ನಡೆಯಿತು.

ಕಾಡಿನ ಅಂಚಿನವರಿಗೆ ಇದೂ ಇಲ್ಲ. ಬನ್ನೇರುಘಟ್ಟದ ಸುತ್ತ ಪರಿಸರ ಸೂಕ್ಷ್ಮ ವಲಯ 2016ರ ಕರಡಿನಲ್ಲಿ 268.96 ಚದರ ಕಿ.ಮೀ. ಇತ್ತು. 2020ರ ಅಂತಿಮ ಅಧಿಸೂಚನೆಯಲ್ಲಿ 168.84ಕ್ಕೆ ಇಳಿಯಿತು. ಜಮೀನಿನ ಮೇಲೆ ನಿರ್ಬಂಧ ಬಂದು ಕೈಗೆ ಏನೂ ಬಾರದಿದ್ದರೆ ಯಾರು ತಾನೇ ಒಪ್ಪುತ್ತಾರೆ?

ವನ್ಯಜೀವಿ ಕಾಯ್ದೆಗೆ 2002ರಲ್ಲಿ ತಂದ ತಿದ್ದುಪಡಿಯಲ್ಲಿ ಒಂದು ಸಣ್ಣ ದಾರಿ ಇದೆ. ಮಾಲೀಕರೇ ಮುಂದೆ ಬಂದರೆ ಖಾಸಗಿ ಜಮೀನನ್ನು ಸಮುದಾಯ ಮೀಸಲು ಎಂದು ಘೋಷಿಸಬಹುದು. ತೆರಿಗೆಯ ಮಾತು ಅದರಲ್ಲೂ ಇಲ್ಲ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು 2007ರಲ್ಲಿ ಹಾಗೆ ಘೋಷಣೆಯಾಯಿತು. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಗೂಡು ಕಟ್ಟುವುದು ಊರೊಳಗಿನ ಹುಣಸೆ ಮರಗಳಲ್ಲಿ. ಹಣ್ಣು ಉದುರಿಸದೆ ಬಿಟ್ಟ ಮನೆಯವರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ. ಮರದ ಕೆಳಗೆ ಗುಂಡಿ ತೋಡಿ, ಕೆರೆ ಹೂಳು ತುಂಬಿ, ಮೇಲಿನಿಂದ ಬೀಳುವ ಹಿಕ್ಕೆಯ ಸಮೇತ ಗೊಬ್ಬರ ಮಾಡಿ ಹೊಲಕ್ಕೆ ಹಾಕುವುದು ಅಲ್ಲಿನ ಹಳೇ ರೂಢಿ.