ಬಳೆಯೊಳಗೊಂದು ಬಳೆ

ಅಡಿಕೆ ತೋಟಕ್ಕೆ ಔಷಧಿ ಹೊಡೆಸುವ ದಿನಗಳಲ್ಲಿ ನಮ್ಮ ಸೋದರಮಾವನ ಮೈಮೇಲಿನ ಬಟ್ಟೆ ಬೆಳಗಿನಿಂದ ಸಂಜೆವರೆಗೂ ಒಣಗುವುದಿಲ್ಲ. ಅಂಥದೊಂದು ಮಳೆಗಾಲದಲ್ಲಿ ಉಡಿದಾರ ಕೂರುವ ಜಾಗದಲ್ಲಿ ರೂಪಾಯಿ ನಾಣ್ಯದಗಲದ ಕೆಂಪು ಕಲೆ ಎದ್ದಿತು. ನಡುವೆ ತಿಳಿ, ಅಂಚಿನಲ್ಲಿ ಉಬ್ಬು, ರಾತ್ರಿಯಾದರೆ ತಡೆಯಲಾರದ ತುರಿಕೆ. ಪೇಟೆಗೆ ಹೋದಾಗ ಮೆಡಿಕಲ್ ಶಾಪಿನಲ್ಲಿ "ತುರಿಕೆಗೊಂದು ಟ್ಯೂಬ್ ಕೊಡಿ ಮಾರಾಯ್ರೆ" ಎಂದರು, ಕೊಟ್ಟರು. ಮೂರೇ ದಿನಕ್ಕೆ ಕೆಂಪು ಇಳಿದು ತುರಿಕೆ ನಿಂತಿತು. ಟ್ಯೂಬು ಬಿಟ್ಟ ವಾರದೊಳಗೆ ಕಲೆ ಮರಳಿ ಬಂತು, ಈ ಸಲ ಅಂಗೈಯಗಲ. ಮತ್ತೆ ಟ್ಯೂಬು. ವರ್ಷ ಕಳೆಯುವ ಹೊತ್ತಿಗೆ ಸೊಂಟ, ತೊಡೆಸಂದು, ಬೆನ್ನಿನವರೆಗೆ ಹಬ್ಬಿತ್ತು. ಅತ್ತೆಗೂ ಮಗನಿಗೂ ಶುರುವಾಗಿತ್ತು.

ಇದು ಗಜಕರ್ಣ. ಹುಳುಕಡ್ಡಿ ಎಂದರೂ ಇದೇ, ಆದರೆ ಇದರಲ್ಲಿ ಹುಳು ಇಲ್ಲ. ಇರುವುದು ಬೂಷ್ಟಿನ ಜಾತಿಗೆ ಸೇರಿದ ಒಂದು ಶಿಲೀಂಧ್ರ. ಅದರ ಆಹಾರ ನಮ್ಮ ಚರ್ಮದ ಹೊರಪದರದಲ್ಲಿ, ಕೂದಲಲ್ಲಿ, ಉಗುರಿನಲ್ಲಿ ಇರುವ ಕೆರಾಟಿನ್ ಎಂಬ ಗಟ್ಟಿ ಪ್ರೋಟೀನು. ಅದು ಸಾಮಾನ್ಯವಾಗಿ ಜೀವಂತ ಪದರಕ್ಕೆ ಇಳಿಯುವುದಿಲ್ಲ, ಸತ್ತ ಜೀವಕೋಶಗಳ ಹೊದಿಕೆಯನ್ನೇ ಮೇಯುತ್ತ ಎಲ್ಲ ದಿಕ್ಕಿಗೂ ಸಮನಾಗಿ ಸಾಗುತ್ತದೆ. ಅದರ ಸುಳಿವು ಹಿಡಿದ ದೇಹದ ರಕ್ಷಣಾ ಪಡೆ ಹಿಂದಿನಿಂದ ಜಾಗ ತೆರವು ಮಾಡುತ್ತ ಬರುತ್ತದೆ. ನಡುಭಾಗ ತಿಳಿಯಾಗುವುದು, ಕಾಳಗ ನಡೆಯುವ ಅಂಚು ಮಾತ್ರ ಕೆಂಪಗೆ ಉಬ್ಬಿರುವುದು ಇದರಿಂದಲೇ. ಆ ಬಳೆಯಾಕಾರ ದೇಹವೇ ಬರೆದುಕೊಡುವ ಗುರುತು. ವೈದ್ಯರು ಹಿಂದೆಲ್ಲ ಬಾಗಿಲಿನಿಂದಲೇ ಗುರುತಿಸಿಬಿಡುತ್ತಿದ್ದ ಕಾಯಿಲೆ ಇದು.

ಮಾವನನ್ನು ನೋಡಿದ ಚರ್ಮವೈದ್ಯೆಗೆ ಹಾಗೆ ಗುರುತಿಸಲಾಗಲಿಲ್ಲ. ಬೆನ್ನಿನ ಮೇಲೆ ಒಂದು ಬಳೆಯೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು. ತೊಡೆಯಲ್ಲಿ ಅಂಚೇ ಇಲ್ಲದ ಕಂದು ಹರಹು. ತೊಡೆಸಂದಿನಲ್ಲಿ ಬಸುರಿಯರ ಹೊಟ್ಟೆಯ ಮೇಲೆ ಬೀಳುವಂಥ ನೇರಳೆ ಗೆರೆಗಳು. ಅವರು ಮೊದಲು ಕೇಳಿದ್ದು, "ಏನೇನು ಹಚ್ಚಿದ್ದೀರಿ?" ಮಾವ ಹೇಳಿದ್ದು, "ಏನಿಲ್ಲ ಮೇಡಂ, ಮಾಮೂಲಿ ಕ್ರೀಮು."

ಆ ಮಾಮೂಲಿ ಕ್ರೀಮಿನ ಪೆಟ್ಟಿಗೆಯ ಮೇಲೆ ಸಣ್ಣ ಅಕ್ಷರದಲ್ಲಿ ನಾಲ್ಕು ಔಷಧಿಗಳ ಹೆಸರಿತ್ತು. ಶಿಲೀಂಧ್ರಕ್ಕೊಂದು, ಬ್ಯಾಕ್ಟೀರಿಯಾಕ್ಕೊಂದು, ಪರೋಪಜೀವಿಗೊಂದು, ಜೊತೆಗೆ ಕ್ಲೊಬೆಟಸಾಲ್. ಚರ್ಮಕ್ಕೆ ಹಚ್ಚುವ ಸ್ಟೀರಾಯ್ಡ್‌ಗಳಲ್ಲಿ ಅತಿ ಪ್ರಬಲ ಗುಂಪಿಗೆ ಸೇರಿದ್ದು ಈ ಕ್ಲೊಬೆಟಸಾಲ್. ದಪ್ಪಗೆ ಕಟ್ಟಿದ ಸೋರಿಯಾಸಿಸ್‌ನಂಥ ಕಾಯಿಲೆಗೆ ಅದು ದೊಡ್ಡ ಉಪಕಾರಿ. ಅಲ್ಲಿಯೂ ವಾರಕ್ಕೆ 50 ಗ್ರಾಂ ಮೀರಬಾರದು, ಒಂದೇ ಸಮನೆ 2 ವಾರಕ್ಕಿಂತ ಹೆಚ್ಚು ಹಚ್ಚಬಾರದು, ಮುಖ, ಕಂಕುಳು, ತೊಡೆಸಂದಿಗೆ ಬೇಡ ಎಂಬ ಎಚ್ಚರಿಕೆ ಇದೆ. ತೊಡೆಸಂದಿಗೇಕೆ ಬೇಡ ಎನ್ನುವುದಕ್ಕೆ 1967ರ ಒಂದು ಪ್ರಯೋಗ ಉತ್ತರ ಕೊಡುತ್ತದೆ. ಹೈಡ್ರೊಕಾರ್ಟಿಸೋನ್ ಎಂಬ ಇನ್ನೊಂದು ಸ್ಟೀರಾಯ್ಡನ್ನು ದೇಹದ ಬೇರೆ ಬೇರೆ ಜಾಗಕ್ಕೆ ಹಚ್ಚಿ ಎಷ್ಟು ಒಳಗೆ ಇಳಿಯುತ್ತದೆಂದು ಅಳೆದರು. ಮುಂಗೈಯಲ್ಲಿ ಇಳಿಯುವುದು 1 ಪಾಲು ಎಂದುಕೊಂಡರೆ ವೃಷಣದ ಚರ್ಮದಲ್ಲಿ ಸುಮಾರು 42 ಪಾಲು. ಅಷ್ಟು ತೆಳುವಾದ ಜಾಗದ ಹತ್ತಿರ ಮಾವ ವರ್ಷವಿಡೀ ಕ್ಲೊಬೆಟಸಾಲ್ ತಿಕ್ಕಿದ್ದರು.

ಸ್ಟೀರಾಯ್ಡ್ ಶಿಲೀಂಧ್ರವನ್ನು ಕೊಲ್ಲುವುದಿಲ್ಲ. ಅದು ಸುಮ್ಮನಿರಿಸುವುದು ನಮ್ಮದೇ ರಕ್ಷಣಾ ಪಡೆಯನ್ನು. ಕೆಂಪು, ಉಬ್ಬು, ತುರಿಕೆ ಇವೆಲ್ಲ ಆ ಪಡೆಯ ಗದ್ದಲವಾದ್ದರಿಂದ ಪಡೆ ಮಲಗಿದರೆ ಗದ್ದಲವೂ ನಿಲ್ಲುತ್ತದೆ. ರೋಗಿಗೆ ವಾಸಿಯಾದಂತೆ ಕಾಣುವ ಆ ಹೊತ್ತಿನಲ್ಲೇ ಶಿಲೀಂಧ್ರ ಅಡ್ಡಿಯಿಲ್ಲದೆ ಹಬ್ಬುತ್ತಿರುತ್ತದೆ. ಟ್ಯೂಬು ನಿಲ್ಲಿಸಿದಾಗ ಪಡೆ ಎಚ್ಚೆತ್ತು ಎಲ್ಲ ಕಡೆ ಒಟ್ಟಿಗೇ ಏಳುತ್ತದೆ. ಹೀಗೆ ಬಿಟ್ಟು ಬಿಟ್ಟು ಹಚ್ಚಿದಾಗ ತೆರವಾಗದೆ ಉಳಿದ ನಡುಭಾಗದಿಂದ ಹೊಸ ಅಲೆ ಹೊರಡುತ್ತದೆ, ಬಳೆಯೊಳಗೆ ಬಳೆ ಮೂಡುತ್ತದೆ. 1968ರಲ್ಲಿ ಐವ್ ಮತ್ತು ಮಾರ್ಕ್ಸ್ ಎಂಬ ಇಬ್ಬರು ವೈದ್ಯರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇದಕ್ಕೆ 'ಟಿನಿಯಾ ಇನ್‌ಕಾಗ್ನಿಟೊ' ಎಂದು ಹೆಸರಿಟ್ಟರು. ವೇಷ ಮರೆಸಿಕೊಂಡ ಗಜಕರ್ಣ, ಅಜ್ಞಾತವಾಸದ ಗಜಕರ್ಣ. ಕಷ್ಟವೇನೆಂದರೆ ವಿರಾಟನಗರದಲ್ಲಿ ಪಾಂಡವರು ತಾವೇ ವೇಷ ಹಾಕಿಕೊಂಡರು, ಇಲ್ಲಿ ವೇಷ ಹಾಕಿಸುವವರು ನಾವು.

ಗುರುತು ಅಳಿಸಿಹೋದ ಮೇಲೆ ವೈದ್ಯರ ಎದುರು ಹತ್ತು ಸಾಧ್ಯತೆಗಳು ನಿಲ್ಲುತ್ತವೆ. ಸೋರಿಯಾಸಿಸ್ ಇರಬಹುದು, ನಾಣ್ಯದಾಕಾರದ ಇಸುಬು ಇರಬಹುದು. ನಮ್ಮ ದೇಶದಲ್ಲಿ ಕುಷ್ಠವನ್ನೂ ಮರೆಯುವಂತಿಲ್ಲ, ಅದರ ಮಚ್ಚೆಗೂ ಬಳೆಯ ಆಕಾರ ಇರಬಹುದು. ವೈದ್ಯೆ ಹತ್ತಿಯ ಎಳೆಯೊಂದನ್ನು ಹುರಿಮಾಡಿ ಮಾವನ ಕಣ್ಣು ಮುಚ್ಚಿಸಿ ಕಲೆಗಳ ಮೇಲೆ ಮುಟ್ಟಿಸಿದರು. ಕುಷ್ಠದ ಮಚ್ಚೆಯಲ್ಲಿ ಸ್ಪರ್ಶ ಮಂಕಾಗಿರುತ್ತದೆ, ತುರಿಕೆಯೂ ಸಾಮಾನ್ಯವಾಗಿ ಇರುವುದಿಲ್ಲ. ಮಾವನಿಗೆ ಪ್ರತಿ ಎಳೆಯೂ ತಿಳಿಯಿತು. ಮನೆಯಲ್ಲಿ ಇನ್ನಿಬ್ಬರಿಗೆ ತುರಿಕೆ ಇದೆ ಎಂಬುದೂ ದೊಡ್ಡ ಸುಳಿವಾಯಿತು, ಏಕೆಂದರೆ ಸೋರಿಯಾಸಿಸ್ ಟವೆಲಿನಿಂದ ಹರಡುವುದಿಲ್ಲ.

ಅನಂತರ ನಡೆದ ಪರೀಕ್ಷೆಯನ್ನು ನೋಡಿ ನನಗೆ ನಿಜಕ್ಕೂ ಸಂತೋಷವಾಯಿತು. ಕಲೆಯ ಅಂಚನ್ನು ಮೊಂಡು ಬ್ಲೇಡಿನಿಂದ ಮೆಲ್ಲಗೆ ಕೆರೆದು ಉದುರಿದ ಹೊಟ್ಟನ್ನು ಗಾಜಿನ ಸ್ಲೈಡಿನ ಮೇಲೆ ಹಾಕಿದರು. ಅದಕ್ಕೆ ಪೊಟ್ಯಾಸಿಯಂ ಹೈಡ್ರಾಕ್ಸೈಡಿನ ಒಂದು ತೊಟ್ಟು. 10ರಿಂದ 20 ಶೇಕಡಾ ಸಾಂದ್ರತೆಯ ಆ ಕ್ಷಾರ ಕೆರಾಟಿನನ್ನು ಕರಗಿಸುತ್ತದೆ, ಶಿಲೀಂಧ್ರದ ಎಳೆಯ ಗೋಡೆ ಮಾತ್ರ ಉಳಿಯುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಸೂಕ್ಷ್ಮದರ್ಶಕದಲ್ಲಿ ನನಗೂ ತೋರಿಸಿದರು. ಕರಗುತ್ತಿರುವ ಜೀವಕೋಶಗಳ ನಡುವೆ ಗೆಣ್ಣುಗೆಣ್ಣಾಗಿ ಕವಲೊಡೆದ ಹೊಳೆಯುವ ದಾರಗಳು, ಬಲೆ ಹೆಣೆದಂತೆ. ಹೊರಗೆ ವೇಷ ಎಷ್ಟೇ ಚೆನ್ನಾಗಿದ್ದರೂ ಸ್ಟೀರಾಯ್ಡ್ ಹಚ್ಚಿದ ಚರ್ಮದ ಹೊಟ್ಟಿನಲ್ಲಿ ದಾರಗಳು ಇನ್ನೂ ಹೆಚ್ಚಾಗಿಯೇ ಕಾಣುವುದುಂಟು. ಅತಿ ಅಗ್ಗದ, ಅರ್ಧ ಗಂಟೆಯೊಳಗೆ ಮುಗಿಯುವ ಈ ಪರೀಕ್ಷೆ ತಾಲ್ಲೂಕು ಆಸ್ಪತ್ರೆಗಳಲ್ಲೂ ದಿನನಿತ್ಯ ನಡೆಯಬೇಕೆಂಬುದು ನನ್ನ ಆಸೆ. ಸೂಕ್ಷ್ಮದರ್ಶಕವೊಂದಿದ್ದರೆ ಸಾಕು. ಬೇಕಾದದ್ದು ನೋಡುವ ಅಭ್ಯಾಸ.

ಇಷ್ಟಕ್ಕೆ ಕಥೆ ಮುಗಿದಿದ್ದರೆ ಇದನ್ನು ಕಠಿಣ ಕಾಯಿಲೆ ಎನ್ನಬೇಕಾಗಿರಲಿಲ್ಲ. ಶಿಲೀಂಧ್ರವೂ ಬದಲಾಗಿದೆ. ಭಾರತದ ವೈದ್ಯರು ಕಳೆದ ದಶಕದ ನಡುವಿನಿಂದ ಒಂದು ವಿಚಿತ್ರ ಗಮನಿಸತೊಡಗಿದರು. ಎರಡು ವಾರದ ಟರ್ಬಿನಾಫಿನ್ ಮಾತ್ರೆಗೆ ಹೋಗಬೇಕಾದ ಗಜಕರ್ಣ ಎರಡು ತಿಂಗಳಾದರೂ ಹೋಗುತ್ತಿಲ್ಲ. 2020ರಲ್ಲಿ ಜಪಾನಿನ ಸಂಶೋಧಕರು ಭಾರತದಿಂದ ಮತ್ತು ನೇಪಾಳದಿಂದ ಬಂದಿದ್ದ ರೋಗಿಗಳ ಮಾದರಿಗಳನ್ನು ಪರೀಕ್ಷಿಸಿ ಈ ಶಿಲೀಂಧ್ರಕ್ಕೆ ಟ್ರೈಕೊಫೈಟಾನ್ ಇಂಡೊಟಿನಿಯೆ ಎಂಬ ಪ್ರತ್ಯೇಕ ಹೆಸರು ಕೊಟ್ಟರು. ಹೆಸರಿನಲ್ಲೇ ನಮ್ಮ ದೇಶ ಕೂತಿರುವುದನ್ನು ಓದುವಾಗ ಮನಸ್ಸು ಚುರ್ ಎನ್ನುತ್ತದೆ. 2023ರಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ನ್ಯೂಯಾರ್ಕಿನಲ್ಲಿ ಇಬ್ಬರಿಗೆ ಇದು ತಗುಲಿದ್ದನ್ನು ವರದಿ ಮಾಡಿತು. ಒಬ್ಬರು ಬಾಂಗ್ಲಾದೇಶಕ್ಕೆ ಹೋಗಿಬಂದವರು, ಇನ್ನೊಬ್ಬರು ಹೊರದೇಶಕ್ಕೆ ಹೋಗಿಯೇ ಇರಲಿಲ್ಲ.

ಟರ್ಬಿನಾಫಿನ್ ಸೋಲುವುದು ಹೀಗೆ. ಶಿಲೀಂಧ್ರದ ಜೀವಕೋಶದ ಪೊರೆಗೆ ಎರ್ಗೊಸ್ಟೆರಾಲ್ ಎಂಬ ಕೊಬ್ಬಿನಂಥ ವಸ್ತು ಬೇಕು. ಅದನ್ನು ತಯಾರಿಸುವ ಸಾಲಿನಲ್ಲಿ ಸ್ಕ್ವೆಲೀನ್ ಎಪಾಕ್ಸಿಡೇಸ್ ಎಂಬ ಕಿಣ್ವವಿದೆ. ಟರ್ಬಿನಾಫಿನ್ ಅದರ ಸಂದಿಯಲ್ಲಿ ಕೂತು ಕೆಲಸ ನಿಲ್ಲಿಸುತ್ತದೆ. ಈ ಹೊಸ ಶಿಲೀಂಧ್ರದ ಹಲವು ತಳಿಗಳಲ್ಲಿ ಕಿಣ್ವದ 397ನೆಯ ಸ್ಥಾನದಲ್ಲಿರುವ ಅಮೈನೋ ಆಮ್ಲ ಬದಲಾಗಿದೆ. ಫಿನೈಲ್‌ಅಲನೀನ್ ಇರಬೇಕಾದಲ್ಲಿ ಲ್ಯೂಸಿನ್. ಅಷ್ಟೇ ಸಾಕು, ಔಷಧಿಗೆ ಕೂರಲು ಜಾಗ ಸಿಗುವುದಿಲ್ಲ. ವಾರಾಣಸಿಯ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ 200 ರೋಗಿಗಳಿಗೆ ನಾಲ್ಕು ಬೇರೆ ಬೇರೆ ಮಾತ್ರೆ ಕೊಟ್ಟು ಹೋಲಿಸಿದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. 8 ವಾರದ ಕೊನೆಗೆ ವಾಸಿಯಾದವರು ಟರ್ಬಿನಾಫಿನ್‌ನಲ್ಲಿ ಶೇಕಡಾ 28, ಫ್ಲುಕೊನಝೋಲ್‌ನಲ್ಲಿ 42, ಇಟ್ರಾಕೊನಝೋಲ್‌ನಲ್ಲಿ 66, ಹಳೆಯ ಗ್ರಿಸಿಯೊಫಲ್ವಿನ್‌ನಲ್ಲಿ ಬರೀ 14. ಎಲ್ಲಕ್ಕಿಂತ ಚೆನ್ನಾದ ಔಷಧಿಯೂ ಎರಡು ತಿಂಗಳಲ್ಲಿ ಮೂರರಲ್ಲಿ ಒಬ್ಬರನ್ನು ಗುಣಪಡಿಸಲಾಗಲಿಲ್ಲ ಎಂಬುದನ್ನು ಗಮನಿಸಿ.

ಮಾವನಿಗೆ ಕೊಟ್ಟದ್ದು ಇಟ್ರಾಕೊನಝೋಲ್. ಹೃದಯ ದುರ್ಬಲವಿದ್ದವರಿಗೆ ಅದು ಸಲ್ಲದು, ಕೊಲೆಸ್ಟೆರಾಲ್ ಇಳಿಸುವ ಕೆಲವು ಮಾತ್ರೆಗಳ ಜೊತೆಗೂ ಹೊಂದುವುದಿಲ್ಲ. ಅದಕ್ಕೇ ವೈದ್ಯೆ ಅವರ ಹಳೆಯ ಚೀಟಿಗಳನ್ನೆಲ್ಲ ತರಿಸಿ ನೋಡಿದರು. ಸಿಕ್ಕಿಬಿದ್ದದ್ದು ಗ್ಯಾಸ್ ಮಾತ್ರೆ. ಇಟ್ರಾಕೊನಝೋಲ್ ಕ್ಯಾಪ್ಸೂಲಿನೊಳಗೆ ಸಾಸಿವೆಯಂಥ ಮಣಿಗಳಿರುತ್ತವೆ. ಅವುಗಳ ಮೇಲೆ ಲೇಪಿಸಿದ ಔಷಧಿ ಕರಗಲು ಹೊಟ್ಟೆಯಲ್ಲಿ ಆಮ್ಲ ಬೇಕು, ಊಟವೂ ಬೇಕು. ಮಾವ ಬೆಳಿಗ್ಗೆ ಎದ್ದ ಕೂಡಲೇ ಆಮ್ಲ ತಗ್ಗಿಸುವ ಮಾತ್ರೆ ನುಂಗುವವರು. ಅದನ್ನು ನಿಲ್ಲಿಸದಿದ್ದರೆ ದುಬಾರಿ ಕ್ಯಾಪ್ಸೂಲು ಅರೆಬರೆ ಕರಗಿ ಹೊರಗೆ ಹೋಗುತ್ತಿತ್ತು.

ಅತ್ತೆಗೆ ಮತ್ತು ಮಗನಿಗೆ ಅದೇ ದಿನ ಚಿಕಿತ್ಸೆ ಶುರುವಾಯಿತು. ಒಬ್ಬರನ್ನು ಬಿಟ್ಟರೆ ಅವರಿಂದ ಉಳಿದವರಿಗೆ ಮತ್ತೆ ಹತ್ತುತ್ತದೆ. ಅತ್ತೆ ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ. ಲಂಗದ ಲಾಡಿ ಕಟ್ಟುವ ಜಾಗ, ಗಂಡಸು ವೈದ್ಯರಿಗೆ ತೋರಿಸುವುದು ಹೇಗೆ ಎಂದು ಸುಮ್ಮನಿದ್ದರಂತೆ. ಎಷ್ಟೋ ಮನೆಗಳಲ್ಲಿ ಟ್ಯೂಬು ಅಂಗಡಿಯಿಂದ ನೇರ ಬರುವುದಕ್ಕೆ ಈ ನಾಚಿಕೆಯೂ ಕಾರಣ. 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿದೆ, ವೈದ್ಯರ ಚೀಟಿಯಿಲ್ಲದೆ ಅವನ್ನು ಮಾರುವಂತಿಲ್ಲ. ಆದರೂ ಮಾವನಿಗೆ ಪ್ರತಿ ಸಲ ಚೀಟಿಯಿಲ್ಲದೆಯೇ ಸಿಕ್ಕಿತು.

ಮನೆಗೆ ಬಂದ ಮೇಲಿನ ಕೆಲಸ ಬಟ್ಟೆಯದು. ಉದುರಿದ ಹೊಟ್ಟಿನಲ್ಲಿರುವ ಶಿಲೀಂಧ್ರದ ಬೀಜಕಗಳು ಬಟ್ಟೆಯ ಮಡಿಕೆಯಲ್ಲಿ ತಿಂಗಳುಗಟ್ಟಲೆ ಬದುಕಬಲ್ಲವು. ಮೂವರ ಟವೆಲು ಬೇರೆ ಬೇರೆಯಾಯಿತು. ಒಳಬಟ್ಟೆಗಳನ್ನು ಬಿಸಿನೀರಲ್ಲಿ ಒಗೆದು, ಒಳಮಗ್ಗುಲು ಹೊರಗೆ ಮಾಡಿ ಒಣಗಿಸಿದರು. ಬಿಸಿಲಿಲ್ಲದ ದಿನ ಹೊಲಿಗೆಯ ಮೇಲೆ ಇಸ್ತ್ರಿಪೆಟ್ಟಿಗೆ ಎಳೆದರು. ಉಡಿದಾರ ತೆಗೆಯುವುದಕ್ಕೆ ಮಾವ ಒಪ್ಪಿದ್ದು ಎರಡು ದಿನ ಯೋಚಿಸಿದ ಮೇಲೆ. ಸ್ಟೀರಾಯ್ಡ್ ಇಲ್ಲದ ಹೊಸ ಮುಲಾಮನ್ನು ಕಲೆಯ ಅಂಚು ದಾಟಿ 2 ಸೆಂಟಿಮೀಟರ್ ಆಚೆವರೆಗೆ ಹಚ್ಚಬೇಕಿತ್ತು, ಏಕೆಂದರೆ ಕಣ್ಣಿಗೆ ಕಾಣುವ ಬಳೆಗಿಂತ ಶಿಲೀಂಧ್ರ ಮುಂದೆ ಹೋಗಿರುತ್ತದೆ. ಮೊದಲ ಹತ್ತು ದಿನ ತುರಿಕೆ ಮೊದಲಿಗಿಂತ ಜೋರಾಯಿತು. ಪಡೆ ಎಚ್ಚೆತ್ತಿತ್ತು. ಹಳೆಯ ಟ್ಯೂಬು ಕಪಾಟಿನಲ್ಲೇ ಇತ್ತು, ರಾತ್ರಿ ಕೈ ಅತ್ತ ಹೋಗುತ್ತಿತ್ತು ಎಂದು ಮಾವನೇ ಹೇಳಿದರು. ಅತ್ತೆ ಅದನ್ನು ತೆಗೆದು ಒಲೆಗೆ ಹಾಕಿದರು.

ಹನ್ನೊಂದನೆಯ ವಾರ ಕೆರೆದ ಹೊಟ್ಟಿನಲ್ಲಿ ದಾರಗಳು ಕಾಣಲಿಲ್ಲ. ಇನ್ನೆರಡು ವಾರ ಮಾತ್ರೆ ಮುಂದುವರಿಸಿ ಎಂದರು ವೈದ್ಯೆ. ತೊಡೆಸಂದಿನ ಗೆರೆಗಳು ನೇರಳೆ ಬಣ್ಣ ಕಳೆದುಕೊಂಡು ಬೆಳ್ಳಗಾಗುತ್ತಿವೆ, ಅವು ಪೂರ್ತಿ ಹೋಗುವುದಿಲ್ಲ.